ಎಕರೆಗೆ ಮುಕ್ಕಾಲು ಯೂನಿಟ್ ಬಿಸಿಲು

ಎಂಟು ತಿಂಗಳು ತುಂಬಿದ ಕಬ್ಬಿನೊಳಗೆ ಮನುಷ್ಯ ನುಗ್ಗುವುದು ಸುಲಭವಲ್ಲ. ಕಾಗವಾಡ ಸೀಮೆಯ ಜುಗೂಳದ ಕೃಷ್ಣಾ ಹೊಳೆದಂಡೆಯ ಕರಿಮಣ್ಣಿನಲ್ಲಿ ಅಷ್ಟು ಹೊತ್ತಿಗೆ ಬೆಳೆ ಆಳೆತ್ತರ ದಾಟಿರುತ್ತದೆ. ಸಾಲುಗಳ ನಡುವಿನ ದಾರಿ ಒಣ ಗರಿಯ ರವದಿಯಿಂದ ಮುಚ್ಚಿರುತ್ತದೆ. ಎಲೆಯ ಅಂಚು ಮುಖ, ತೋಳು ಕೊಯ್ಯುತ್ತದೆ. ಬೆನ್ನಿಗೆ ಪಂಪು ಕಟ್ಟಿಕೊಂಡು ಎಣ್ಣೆ ಹೊಡೆಯುವವನು ನಳಿಕೆಯನ್ನು ತಲೆಗಿಂತ ಮೇಲಕ್ಕೆ ಎತ್ತಬೇಕು. ಎತ್ತಿದ್ದರಲ್ಲಿ ಒಂದಿಷ್ಟು ಎಲೆಗೆ ಹತ್ತುತ್ತದೆ, ಉಳಿದದ್ದು ಅವನ ಮೈಮೇಲೇ ಇಳಿಯುತ್ತದೆ. ಗಾಳಿಯಾಡದ ಆ ಸಾಲಿನಲ್ಲಿ ಉಸಿರಿನೊಂದಿಗೆ ಒಳಗೆ ಹೋಗುವುದೂ ಅದೇ. ಹಾವಿನ ಭಯ ಬೇರೆ.

ಈ ಸಂಕಟ ಎಷ್ಟು ದೊಡ್ಡದು ಎಂಬುದು ಕೃಷ್ಣಾ ತೀರದವರಿಗೆ 2002ರಲ್ಲಿ ಚೆನ್ನಾಗಿ ಅರಿವಾಯಿತು. ಆ ವರ್ಷದ ಮಳೆಗಾಲದಲ್ಲಿ ಸಾಂಗಲಿ ಕಡೆ ಕಾಣಿಸಿಕೊಂಡ ಬಿಳಿ ಉಣ್ಣೆ ಹೇನು ಕೆಲವೇ ತಿಂಗಳಲ್ಲಿ ಉತ್ತರ ಕರ್ನಾಟಕದ ಕಬ್ಬಿಗೂ ಇಳಿಯಿತು. ಎಲೆಯ ಕೆಳಭಾಗವೆಲ್ಲ ಬೆಳ್ಳಗಾಗಿ, ಅಂಟು ಸುರಿದು, ಮೇಲೆ ಕಪ್ಪು ಬೂಷ್ಟು ಕೂತಿತು. ಬೆಳೆದು ನಿಂತ ಕಬ್ಬಿನ ತುದಿಗೆ ಔಷಧಿ ಮುಟ್ಟಿಸುವುದು ಬಲು ಕಷ್ಟವಾಯಿತು. ಕಡೆಗೆ ಬೆಳೆಯನ್ನು ಕಾಪಾಡಿದ್ದು ಬಹುಮಟ್ಟಿಗೆ ಡೈಫಾ, ಮೈಕ್ರೋಮಸ್ ಎಂಬ ಪರಭಕ್ಷಕ ಕೀಟಗಳು. ಅವು ಹೇನನ್ನು ತಿಂದವು. ಎಲ್ಲ ರೋಗಕ್ಕೂ, ಎಲ್ಲ ಪೋಷಕಾಂಶದ ಕೊರತೆಗೂ ಹಾಗೆ ನೆರವಿಗೆ ಬರುವ ಹುಳು ಇರುವುದಿಲ್ಲ.

ಆದ್ದರಿಂದ ಡ್ರೋನ್ ಬಂದಾಗ ಕಬ್ಬಿನ ಸೀಮೆ ಅದನ್ನು ಬೆರಗಿಗಿಂತ ಹೆಚ್ಚಾಗಿ ನಿರಾಳದಿಂದ ನೋಡಿತು. ಹತ್ತು ಲೀಟರ್ ಹಿಡಿಯುವ ತೊಟ್ಟಿ ಹೊತ್ತು ಬೆಳೆಯ ಮೇಲೆ ಎರಡು, ಮೂರು ಮೀಟರ್ ಎತ್ತರದಲ್ಲಿ ಸಾಗುವ ಯಂತ್ರ ಒಂದು ಎಕರೆಯನ್ನು ಏಳೆಂಟು ನಿಮಿಷದಲ್ಲಿ ಮುಗಿಸುತ್ತದೆ. ಕೈಪಂಪಿಗೆ ನೂರೈವತ್ತು, ಇನ್ನೂರು ಲೀಟರ್ ನೀರು ಬೇಕಾಗುತ್ತಿದ್ದ ಕಡೆ ಇದಕ್ಕೆ ಹತ್ತೇ ಲೀಟರ್ ಸಾಕು. ರೆಕ್ಕೆಗಳ ಗಾಳಿ ಎಲೆಯನ್ನು ತಿರುವಿ, ಹನಿಯನ್ನು ಕೆಳಭಾಗಕ್ಕೂ ತಳ್ಳುತ್ತದೆ. ಔಷಧಿ ಹೊಡೆಯುವವರು ಬದುವಿನ ಮೇಲೆ, ಗಾಳಿಗೆ ಬೆನ್ನು ಮಾಡಿ ನಿಂತಿರುತ್ತಾರೆ. ಈ ಕೊನೆಯ ಮಾತೇ ನನಗೆ ಎಲ್ಲಕ್ಕಿಂತ ದೊಡ್ಡದು.

ಆದರೆ ಹಾರುವ ಯಂತ್ರದ ಬ್ಯಾಟರಿ ಬಲು ಬೇಗ ಬರಿದಾಗುತ್ತದೆ. ಅದನ್ನು ಹೊಲದಲ್ಲಿ ತುಂಬಿಸುವುದು ಹೇಗೆ ಎಂಬ ಪ್ರಶ್ನೆಗೆ ಇಂದಿನ ಉತ್ತರ ಪೆಟ್ರೋಲ್ ಜನರೇಟರ್. ಮಡಚಿ ಒಯ್ಯಬಹುದಾದ ಸೌರ ಫಲಕಗಳು ಮಾರುಕಟ್ಟೆಗೆ ಬಂದ ಮೇಲೆ ಹಲವರು ಕೇಳುತ್ತಿರುವುದು, ಬಿಸಿಲಿನಿಂದಲೇ ಇದನ್ನು ಮಾಡಬಾರದೇಕೆ ಎಂದು. ಬಿಸಿಲಿಗೆ ಇಲ್ಲಿ ಬರವಿಲ್ಲ. ಈ ಪ್ರಶ್ನೆಗೆ ಲೆಕ್ಕ ಹಾಕಿಯೇ ಉತ್ತರಿಸಬೇಕು.

ಹತ್ತು ಲೀಟರ್ ತೊಟ್ಟಿಯ ಡ್ರೋನ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಏರ್ಪಾಡು ಎಂದರೆ ಆರಾರು ಸೆಲ್‌ಗಳ ಎರಡು ಲಿಥಿಯಂ ಪಾಲಿಮರ್ ಬ್ಯಾಟರಿ, ಒಂದರ ಹಿಂದೆ ಒಂದು ಜೋಡಿಸಿದ್ದು. ಜೋಡಿಯ ವೋಲ್ಟೇಜ್ 44.4. ಸಾಮರ್ಥ್ಯ 16 ಆ್ಯಂಪಿಯರ್ ಗಂಟೆ ಎಂದಿಟ್ಟುಕೊಂಡರೆ ಗುಣಿಸಿದಾಗ ಬರುವುದು 710 ವ್ಯಾಟ್ ಗಂಟೆ, ಅಂದರೆ ಮುಕ್ಕಾಲು ಯೂನಿಟ್‌ಗಿಂತ ಚೂರು ಕಡಿಮೆ. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದು, ಮಾಡಿದರೆ ಅದು ಕೆಡುತ್ತದೆ. ಒಂದು ಎಕರೆ ಮುಗಿಸಿ, ಮುಕ್ಕಾಲು ಪಾಲು ಬಳಸಿ ಇಳಿಸಬೇಕು. ಆ ಬಳಸಿದ ಪಾಲನ್ನು ಮತ್ತೆ ತುಂಬುವಾಗ ಚಾರ್ಜರ್‌ನಲ್ಲಿ ಒಂದಿಷ್ಟು ಬಿಸಿಯಾಗಿ ಪೋಲಾಗುತ್ತದೆ. ಸೌರಶಕ್ತಿಯನ್ನು ಮೊದಲು ಬೇರೊಂದು ಬ್ಯಾಟರಿಯಲ್ಲಿ ಹಿಡಿದಿಟ್ಟು, ಇನ್ವರ್ಟರ್ ದಾಟಿಸಿ ಕೊಟ್ಟರೆ ಇನ್ನಷ್ಟು ಪೋಲು. ಎಲ್ಲವನ್ನೂ ಕೂಡಿಸಿದರೆ ಒಂದು ಎಕರೆಗೆ ಮುಕ್ಕಾಲು ಯೂನಿಟ್ ಬೇಕು ಎಂದು ಹಿಡಿಯುವುದು ನ್ಯಾಯ. ಮುಂದಿನ ಲೆಕ್ಕವೆಲ್ಲ ಈ ಮುಕ್ಕಾಲು ಯೂನಿಟ್‌ನ ಮೇಲೆಯೇ ನಿಂತಿದೆ.

ಹತ್ತು ಎಕರೆಗೆ ಏಳೂವರೆ ಯೂನಿಟ್. ಸಣ್ಣ ಪೆಟ್ರೋಲ್ ಜನರೇಟರ್ ಒಂದು ಯೂನಿಟ್‌ಗೆ ಅರ್ಧ ಲೀಟರ್‌ಗಿಂತ ತುಸು ಹೆಚ್ಚೇ ಕುಡಿಯುತ್ತದೆ. ಸೌರ ಬ್ಯಾಟರಿಯ ಪೋಲು ಇಲ್ಲಿಲ್ಲದ ಕಾರಣ ಬೇಕಾಗುವುದು ಆರು ಯೂನಿಟ್‌ನಷ್ಟು. ಅಂದರೆ ಮೂರು, ಮೂರೂವರೆ ಲೀಟರ್ ಪೆಟ್ರೋಲ್, ಇವತ್ತಿನ ದರದಲ್ಲಿ ಮುನ್ನೂರು ರೂಪಾಯಿಗೂ ಮೇಲೆ. ಎಕರೆಗೆ ಮೂವತ್ತು ರೂಪಾಯಿ ಚಿಲ್ಲರೆ. ಬಾಡಿಗೆಯ ಮುಂದೆ ಇದು ಸಣ್ಣ ಖರ್ಚು ಎನ್ನಿಸಬಹುದು. ಆದರೆ ಜನರೇಟರ್ ಎಂದರೆ ಪೆಟ್ರೋಲ್ ಒಂದೇ ಅಲ್ಲ. ಮೂರು ಕಿಲೋವ್ಯಾಟ್‌ನ ಯಂತ್ರ ಎತ್ತಲು ಇಬ್ಬರು ಬೇಕು. ನೀರು ಹಾಯಿಸಿದ ಕರಿಮಣ್ಣಿನ ದಾರಿಯಲ್ಲಿ ಅದನ್ನು ಹೊತ್ತ ವಾಹನ ಸಿಕ್ಕಿಬೀಳುತ್ತದೆ. ಕೀಟನಾಶಕದ ಡಬ್ಬಿ, ಪೆಟ್ರೋಲ್ ಕ್ಯಾನು, ಬಿಸಿಯಾದ ಲಿಥಿಯಂ ಬ್ಯಾಟರಿ ಮೂರನ್ನೂ ಒಂದೇ ಗಾಡಿಯಲ್ಲಿ ಒಯ್ಯುವುದು ಅಪಾಯದ ಕೆಲಸ. ಜನರೇಟರಿನ ಸದ್ದಿನ ನಡುವೆ ಪೈಲಟ್‌ಗೆ ಡ್ರೋನಿನ ಸದ್ದಿನಲ್ಲಾದ ಬದಲಾವಣೆ ಕೇಳಿಸುವುದಿಲ್ಲ. ಮೋಟಾರು ಕೆಡುವ ಮುನ್ನ ಮೊದಲ ಸುಳಿವು ಕೊಡುವುದೇ ಆ ಸದ್ದು.

ಹೊಲದ ಪಂಪ್‌ಸೆಟ್ಟಿನ ಕರೆಂಟ್ ಬಳಸಬಾರದೇ ಎನ್ನಬಹುದು. ನೀರಾವರಿ ಪಂಪ್‌ಸೆಟ್‌ಗಳಿಗೆ ನಮ್ಮ ರಾಜ್ಯದಲ್ಲಿ ಕೊಡುವ ತ್ರೀಫೇಸ್ ವಿದ್ಯುತ್ ದಿನಕ್ಕೆ ಏಳು ಗಂಟೆ. ಅದೂ ಪಾಳಿಯ ಪ್ರಕಾರ, ಒಂದು ವಾರ ಹಗಲು, ಇನ್ನೊಂದು ವಾರ ರಾತ್ರಿ. "ಕರೆಂಟ್ ಯಾವಾಗ ಬರ್ತೈತ್ರಿ?" ಎಂಬ ಪ್ರಶ್ನೆ ಕೇಳದ ತೋಟದ ಮನೆ ಈ ಭಾಗದಲ್ಲಿ ಸಿಗುವುದಿಲ್ಲ. ಔಷಧಿ ಹೊಡೆಯುವ ಸಮಯವನ್ನು ಬೆಳೆ, ಗಾಳಿ, ಮೋಡ ನಿರ್ಧರಿಸಬೇಕು. ವಿದ್ಯುತ್ ಕಂಪನಿ ಹೆಸ್ಕಾಂನ ಪಾಳಿ ನಿರ್ಧರಿಸಿದರೆ ಕೆಲಸ ಕೆಟ್ಟಂತೆ. ಕೆಲವೇ ಮೈಲಿ ದೂರದ ಉಗಾರ ಖುರ್ದದಲ್ಲಿ 1939ರಷ್ಟು ಹಳೆಯ ಸಕ್ಕರೆ ಕಂಪನಿ ಇದೇ ಸೀಮೆಯ ಕಬ್ಬಿನ ಸಿಪ್ಪೆ ಉರಿಸಿ ವಿದ್ಯುತ್ ಮಾಡುತ್ತದೆ. ಆ ಕಬ್ಬನ್ನು ಕಾಯುವ ಡ್ರೋನ್ ಮಾತ್ರ ಹೊಲದಲ್ಲಿ ಪೆಟ್ರೋಲಿಗೆ ಕಾಯುತ್ತದೆ.

ಈಗ ಫಲಕದ ಲೆಕ್ಕ. ತಲಾ ನೂರು ವ್ಯಾಟ್‌ನ ನಾಲ್ಕು ಮಡಚು ಫಲಕಗಳನ್ನು ಬೈಕಿನ ಹಿಂದೆ ಕಟ್ಟಿ ಒಯ್ಯಬಹುದು. ಕಾಗದದ ಮೇಲೆ 400 ವ್ಯಾಟ್. ಆ ಅಂಕಿ ಫಲಕದ ತಾಪ 25 ಡಿಗ್ರಿ ಇದ್ದಾಗಿನದು. ಏಪ್ರಿಲ್ ಮಧ್ಯಾಹ್ನ ಅಥಣಿ, ಕಾಗವಾಡದ ಬಿಸಿಲಲ್ಲಿ ಫಲಕದ ಮೈ 60, 65 ಡಿಗ್ರಿ ಮುಟ್ಟುತ್ತದೆ. 25ರ ಮೇಲೆ ಏರುವ ಪ್ರತಿ ಡಿಗ್ರಿಗೂ ಸುಮಾರು ಶೇ 0.35ರಷ್ಟು ಶಕ್ತಿ ಇಳಿಯುತ್ತದೆ. ನಲವತ್ತು ಡಿಗ್ರಿ ಏರಿದರೆ ಶೇ 14 ಹೋಯಿತು. ಬಿಸಿಲು ಜಾಸ್ತಿಯಾದಷ್ಟೂ ಕರೆಂಟ್ ಜಾಸ್ತಿ ಎಂಬ ನಂಬಿಕೆ ಇಲ್ಲಿ ಪೂರ್ತಿ ನಿಜವಾಗುವುದಿಲ್ಲ. ಬೆಳಕು ಬೇಕು, ಕಾವು ಬೇಡ. ತಂಪು ಗಾಳಿಯ ಜನವರಿಯ ತಿಳಿ ಹಗಲು ಫಲಕಕ್ಕೆ ಏಪ್ರಿಲ್‌ಗಿಂತ ಹಿತ. ಇದರ ಮೇಲೆ ದೂಳು, ಓರೆ ಬಿಸಿಲು, ತಂತಿಯ ಪೋಲು. ಹಾಗಾಗಿ 400 ವ್ಯಾಟ್‌ನಿಂದ 280 ಸಿಕ್ಕರೆ ಒಳ್ಳೆಯದೇ. ದಿನಕ್ಕೆ ಐದು ಗಂಟೆಯ ಪೂರ್ಣ ಬಿಸಿಲು ಎಂದು ಹಿಡಿದರೆ 1.4 ಯೂನಿಟ್.

ಮುಕ್ಕಾಲರಿಂದ ಭಾಗಿಸಿದರೆ ಎರಡು ಎಕರೆಗೂ ಕಡಿಮೆ.

ಅಂದರೆ ಬೆಳಗಿನಿಂದ ಸಂಜೆಯವರೆಗೆ ಫಲಕ ಹಾಸಿ ಕಾದರೆ ಡ್ರೋನ್ ಹದಿನೈದು ನಿಮಿಷ ಹಾರುತ್ತದೆ. ಅಷ್ಟೂ ಅಲ್ಲ, ವೇಗದ ಚಾರ್ಜರ್ ಒಂದು ಜೋಡಿ ಬ್ಯಾಟರಿಯನ್ನು ಅರ್ಧ ಗಂಟೆಯಲ್ಲಿ ತುಂಬಲು ಒಂದೂವರೆ ಕಿಲೋವ್ಯಾಟ್ ಎಳೆಯುತ್ತದೆ. 280 ವ್ಯಾಟ್‌ನ ಫಲಕಕ್ಕೆ ಅದನ್ನು ನೇರ ಜೋಡಿಸಿದರೆ ವೋಲ್ಟೇಜ್ ಕುಸಿದು ಚಾರ್ಜರ್ ಕೈಚೆಲ್ಲುತ್ತದೆ. ಒಂದು ತುಂಡು ಮೋಡ ಹಾದರೂ ಸಾಕು, ಚಾರ್ಜಿಂಗ್ ನಿಂತು ಮತ್ತೆ ಮೊದಲಿನಿಂದ. ಇಂಥ ಫಲಕವನ್ನು ಸಿಂಪಡಣೆಯ ಡ್ರೋನಿಗೆಂದು ಕೊಂಡವರು ನಿರಾಶರಾಗುವುದು ಖಂಡಿತ. ಮಾರುವವರು ಈ ಲೆಕ್ಕವನ್ನು ಹೇಳಬೇಕು ಎಂಬುದು ನನ್ನ ಆಗ್ರಹ. ಡ್ರೋನ್ ನಡೆಸುವ ಸ್ತ್ರೀಶಕ್ತಿ ಗುಂಪಿನ ಉಳಿತಾಯದ ಹಣದಲ್ಲಿ ಯಾರೂ ಪ್ರಯೋಗ ಮಾಡುವಂತಾಗಬಾರದು.

ಹಾಗಾದರೆ ಬಿಸಿಲು ಕೈಲಾಗದ್ದೇ? ಅಲ್ಲ. ಬಿಸಿಲನ್ನು ಹೊಲಕ್ಕೆ ಹೊತ್ತುಕೊಂಡು ಹೋಗುವ ಹಟ ಬಿಟ್ಟರೆ ಸಾಕು.

ಸಿಂಪಡಣೆಯ ದಿನಚರಿಯನ್ನು ನೋಡಿ. ಗಾಳಿ ಏಳುವ ಮೊದಲು, ಬೆಳಗಿನ ಆರರಿಂದ ಹತ್ತರವರೆಗೆ ಕೆಲಸ. ಮತ್ತೆ ಸಂಜೆ ನಾಲ್ಕರ ಮೇಲೆ. ನಡುಹಗಲಲ್ಲಿ ಹೊಡೆದರೆ ಸಣ್ಣ ಹನಿ ಎಲೆ ಮುಟ್ಟುವ ಮುನ್ನ ಆವಿಯಾಗುತ್ತದೆ, ಇಲ್ಲವೇ ಗಾಳಿಗೆ ಪಕ್ಕದವರ ಹೊಲಕ್ಕೆ ಹೋಗುತ್ತದೆ. ಸೂರ್ಯ ದುಡಿಯುವುದು ಸರಿಯಾಗಿ ಆ ಬಿಡುವಿನ ಹೊತ್ತಿನಲ್ಲಿ. ಇನ್ನೂ ಮುಖ್ಯವಾದದ್ದು, ಡ್ರೋನ್ ತಿಂಗಳ ಎಲ್ಲ ದಿನವೂ ಹಾರುವುದಿಲ್ಲ. ಮಳೆ ಬಂದರೆ ರಜೆ, ಗಾಳಿ ಬೀಸಿದರೆ ರಜೆ, ಕರೆಯುವವರಿಲ್ಲದಿದ್ದರೆ ರಜೆ. ಸೂರ್ಯನಿಗೆ ರಜೆ ಕಡಿಮೆ. ಈ ಎರಡರ ನಡುವೆ ಬೇಕಾದದ್ದು ಒಂದು ಹಗೇವು. ಸುಗ್ಗಿಯಲ್ಲಿ ಬಂದ ಜೋಳವನ್ನು ನೆಲದೊಳಗೆ ಇಟ್ಟು ಬೇಕೆಂದಾಗ ತೆಗೆದಂತೆ, ಬಿಸಿಲಿದ್ದಾಗ ತುಂಬಿ ಕೆಲಸವಿದ್ದಾಗ ತೆಗೆಯುವ ಬ್ಯಾಟರಿ.

ಆ ಬ್ಯಾಟರಿ ಡ್ರೋನಿನೊಳಗಿನ ಜಾತಿಯದಾಗಿರಬೇಕಿಲ್ಲ. ಡ್ರೋನಿಗೆ ಹಗುರ ಬೇಕು, ಅದಕ್ಕೆಂದೇ ಲಿಥಿಯಂ ಪಾಲಿಮರ್. ನೆಲದ ಮೇಲೆ ಕೂರುವುದಕ್ಕೆ ತೂಕದ ಚಿಂತೆಯಿಲ್ಲ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಭಾರವಾದರೂ ಎರಡು ಸಾವಿರಕ್ಕೂ ಹೆಚ್ಚು ಸಲ ತುಂಬಿ ಬರಿದಾಗಲು ತಾಳುತ್ತದೆ, ಕಾವಿಗೂ ಬೇಗ ಹೆದರುವುದಿಲ್ಲ. ಬೆಂಕಿ ಹತ್ತುವ ಭಯವೂ ಕಡಿಮೆ.

ಮೂರು ಕಿಲೋವ್ಯಾಟ್‌ನ ಫಲಕ ಒಂದು ಮನೆಯ ತಾರಸಿಯ ಮೇಲೆ ಕೂರುತ್ತದೆ. ದಿನಕ್ಕೆ ಸರಾಸರಿ ಹನ್ನೆರಡು ಯೂನಿಟ್ ಕೊಡುತ್ತದೆ. ಮುಕ್ಕಾಲರ ಲೆಕ್ಕದಲ್ಲಿ ಹದಿನಾರು ಎಕರೆ. ಇದು ಜುಗೂಳ, ಮಂಗಾವತಿ, ಶಿರಗುಪ್ಪಿಯಂಥ ಊರಿನಲ್ಲಿ ಒಂದು ಡ್ರೋನಿನ ಹಸಿವಿಗೆ ಸಾಲುವಷ್ಟು. ತಾರಸಿ ಯಾರದ್ದು ಎಂಬುದು ಮುಂದಿನ ಪ್ರಶ್ನೆ. ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘದ ಗೋದಾಮಿನ ಮೇಲ್ಛಾವಣಿ ನನ್ನ ಕಣ್ಣಿಗೆ ಮೊದಲು ಬೀಳುತ್ತದೆ. ಗೊಬ್ಬರ, ಔಷಧಿ ಕೊಳ್ಳಲು ರೈತ ಹೇಗೂ ಅಲ್ಲಿಗೇ ಬರುತ್ತಾನೆ. ಅಲ್ಲೇ ಬ್ಯಾಟರಿಗಳೂ ತುಂಬಿ ಸಿದ್ಧವಿದ್ದರೆ ಪೈಲಟ್ ಐದು ಜೋಡಿ ಎತ್ತಿಕೊಂಡು ಹೊಲಕ್ಕೆ ಹೋಗಬಹುದು. ಖಾಲಿಯಾದವು ಹಿಂದಿರುಗುತ್ತವೆ.

ಐದು ಜೋಡಿ ಎಂದದ್ದು ಸುಮ್ಮನೆ ಅಲ್ಲ. ಕೇಂದ್ರ ಸಂಪುಟ 2023ರ ನವೆಂಬರ್‌ನಲ್ಲಿ ಒಪ್ಪಿದ ನಮೋ ಡ್ರೋನ್ ದೀದಿ ಯೋಜನೆ 15,000 ಮಹಿಳಾ ಸ್ವಸಹಾಯ ಗುಂಪುಗಳಿಗೆ ಡ್ರೋನ್ ಕೊಡುವ ಗುರಿ ಇಟ್ಟುಕೊಂಡಿದೆ. ಅದಕ್ಕೆ ತೆಗೆದಿಟ್ಟ ಹಣ 1,261 ಕೋಟಿ ರೂಪಾಯಿ. ಬೆಲೆಯ ಶೇ 80ರಷ್ಟು, ಗರಿಷ್ಠ ಎಂಟು ಲಕ್ಷ ರೂಪಾಯಿ ಸಹಾಯಧನ. ಆ ಕಟ್ಟಿನಲ್ಲಿ ಡ್ರೋನಿನ ಜೊತೆಗಿನ ಬ್ಯಾಟರಿಯಲ್ಲದೆ ಇನ್ನೂ ನಾಲ್ಕು ಜೋಡಿ ಬ್ಯಾಟರಿ, ವೇಗದ ಚಾರ್ಜರ್, ಗಾಳಿಯ ವೇಗ ಅಳೆಯುವ ಸಾಧನ, ನೀರಿನ ಆಮ್ಲೀಯತೆ ಅಳೆಯುವ ಮೀಟರ್, ಹದಿನೈದು ದಿನದ ತರಬೇತಿ ಇವೆ. ದಿನಕ್ಕೆ 20 ಎಕರೆ ಮುಗಿಸಬಹುದು ಎಂದು ಯೋಜನೆ ಹೇಳುತ್ತದೆ. ಐದು ಜೋಡಿಗೆ ಐದು ಎಕರೆ. ಇಪ್ಪತ್ತಾಗಬೇಕಾದರೆ ಪ್ರತಿ ಜೋಡಿಯೂ ದಿನಕ್ಕೆ ನಾಲ್ಕು ಸಲ ತುಂಬಬೇಕು. ಎಲ್ಲಿಂದ ತುಂಬಬೇಕು? ಆ ಪಟ್ಟಿಯಲ್ಲಿ ಸೌರ ಫಲಕದ ಹೆಸರಿಲ್ಲ. ರಸಗೊಬ್ಬರದ ಸಹಕಾರಿ ಸಂಸ್ಥೆ ಇಫ್ಕೊ ಮೂಲಕ ಡ್ರೋನ್ ಪಡೆದ ಹಲವು ಮಹಿಳೆಯರಿಗೆ ಸಾಗಣೆಗೆಂದು ವಿದ್ಯುತ್ ಮೂರುಗಾಲಿ ವಾಹನ ಬಂದಿದೆ. ಅಂಥ ವಾಹನಗಳ ಹೊಟ್ಟೆಯಲ್ಲಿ ಏಳು ಯೂನಿಟ್ ಆಸುಪಾಸಿನ ಬ್ಯಾಟರಿ ಇರುವುದುಂಟು. ಅದರಿಂದಲೇ ಡ್ರೋನಿನ ಬ್ಯಾಟರಿಗೂ ಕರೆಂಟ್ ತೆಗೆಯುವ ಕಿಂಡಿಯನ್ನು ಕಂಪನಿಯೇ ಇಟ್ಟು ಕೊಟ್ಟರೆ ಜನರೇಟರ್ ಮನೆಯಲ್ಲೇ ಉಳಿಯುತ್ತದೆ. ಡ್ರೋನ್ ದೀದಿಯರ ಗೆಲುವಿನ ಫೋಟೊಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಹೊಲದ ದಾರಿಯಲ್ಲಿ ಜನರೇಟರ್ ಇಳಿಸಲು ಗಂಡಸರಿಗಾಗಿ ಕಾಯುತ್ತ ನಿಲ್ಲುವ ಹೊತ್ತನ್ನೂ ಯೋಜನೆ ಮಾಡುವವರು ನೋಡಬೇಕು.

ಇನ್ನು ಫಲಕವನ್ನು ಹೊಲಕ್ಕೆ ಒಯ್ಯಲೇಬೇಕು ಎನ್ನುವವರಿಗೆ ಟ್ರ್ಯಾಕ್ಟರಿನ ಟ್ರೇಲರ್ ಒಂದು ದಾರಿ. ಇವತ್ತಿನ 540 ವ್ಯಾಟ್‌ನ ದೊಡ್ಡ ಫಲಕ ಎರಡೂವರೆ ಚದರ ಮೀಟರ್‌ನಷ್ಟು ಜಾಗ ಹಿಡಿಯುತ್ತದೆ. ಟ್ರೇಲರಿನ ಮೇಲೆ ಚಪ್ಪರದಂತೆ ಎರಡನ್ನು ಕೂರಿಸಬಹುದು. ಕಿಲೋವ್ಯಾಟ್ ಆಯಿತು, ದಿನಕ್ಕೆ ನಾಲ್ಕು ಯೂನಿಟ್, ಐದು ಎಕರೆ. ಕೆಳಗೆ ನೆರಳೂ ಸಿಕ್ಕಿತು. ನೆರಳಿನ ಬೆಲೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಹಾರಿ ಇಳಿದ ಬ್ಯಾಟರಿಯನ್ನು ಮುಟ್ಟಿದರೆ ಕೈ ಸುಡುತ್ತದೆ. ಅದನ್ನು ಆಗಲೇ ಚಾರ್ಜಿಗೆ ಹಾಕುವ ಅವಸರ ಎಲ್ಲರಿಗೂ ಇರುತ್ತದೆ, ಏಕೆಂದರೆ ಹೊಲದವರು ಕಾಯುತ್ತಿರುತ್ತಾರೆ. 40 ಡಿಗ್ರಿಗಿಂತ ಬಿಸಿಯಾದ ಲಿಥಿಯಂ ಬ್ಯಾಟರಿಗೆ ಕರೆಂಟ್ ತುಂಬಿದರೆ ಒಳಗಿನ ರಸಾಯನ ಒಡೆಯುತ್ತದೆ, ಅನಿಲ ಹುಟ್ಟಿ ಹೊಟ್ಟೆ ಉಬ್ಬುತ್ತದೆ. ಉಬ್ಬಿದ್ದನ್ನು ಮತ್ತೆ ಬಳಸಬಾರದು. ಒಂದು ಜೋಡಿಯ ಬೆಲೆ ಹತ್ತಾರು ಸಾವಿರ. ಹಾಗಾಗಿ ತುಂಬುವ ಮೊದಲು ನೆರಳಿನಲ್ಲಿ, ಫ್ಯಾನಿನ ಗಾಳಿಗೆ, ಕೈಗೆ ಉಗುರುಬೆಚ್ಚಗೆ ಅನ್ನಿಸುವವರೆಗೆ ಇಡಬೇಕು. ಬೇಸಿಗೆಯಲ್ಲಿ ಹೊರಗಿನ ಗಾಳಿಯೇ 39 ಡಿಗ್ರಿ ಇರುವಾಗ ಇದಕ್ಕೆ ಮುಕ್ಕಾಲು ಗಂಟೆಯೂ ಹಿಡಿಯಬಹುದು. ಹೊಲದ ಚಾರ್ಜಿಂಗ್‌ನಲ್ಲಿ ಕರೆಂಟಿನ ಕೊರತೆಗಿಂತ ತಂಪಿನ ಕೊರತೆಯೇ ದೊಡ್ಡದು ಎಂದು ನನಗೆ ಅನ್ನಿಸಿದೆ. ಬಾಗಿಲು ಮುಚ್ಚಿದ ಕಾರಿನಲ್ಲಿ ಬ್ಯಾಟರಿ ಇಟ್ಟು ಊಟಕ್ಕೆ ಹೋಗುವುದು, ಚಾರ್ಜಿಗೆ ಹಾಕಿ ಯಾರೂ ಇಲ್ಲದೆ ಬಿಟ್ಟುಬರುವುದು, ರವದಿಯ ಮೇಲೆ ಚಾರ್ಜರ್ ಇಡುವುದು, ಈ ಮೂರನ್ನಂತೂ ಮಾಡಲೇಬಾರದು. ಒಣ ರವದಿಗೆ ಒಂದು ಕಿಡಿ ತಾಗಿದರೆ ಹೊಲ ಉಳಿಯುವುದಿಲ್ಲ. ಮಣ್ಣು ಕೆದರಿದ ಬಯಲಿನಲ್ಲಿ, ಪಕ್ಕದಲ್ಲಿ ಒಂದು ಬುಟ್ಟಿ ಒಣ ಮರಳಿನೊಂದಿಗೆ ಕೆಲಸ ನಡೆಯಬೇಕು.

ಫಲಕ ಬಿಸಿಲಲ್ಲಿ, ಬ್ಯಾಟರಿ ನೆರಳಲ್ಲಿ ಎಂದ ಮೇಲೆ ನಡುವೆ ತಂತಿ ಎಳೆಯಬೇಕು. ಬಹಳ ಜನ ಗಮನಿಸದೆ ಶಕ್ತಿ ಕಳೆದುಕೊಳ್ಳುವುದು ಇಲ್ಲೇ. ನೂರು ವ್ಯಾಟ್‌ನ ಫಲಕ ಸುಮಾರು 18 ವೋಲ್ಟ್‌ನಲ್ಲಿ ದುಡಿಯುತ್ತದೆ. ನಾಲ್ಕನ್ನೂ ಸಮಾನಾಂತರವಾಗಿ ಜೋಡಿಸಿದರೆ ವೋಲ್ಟ್ 18ರಲ್ಲೇ ನಿಂತು, 22 ಆ್ಯಂಪಿಯರ್ ಹರಿಯುತ್ತದೆ. ಎರಡೂವರೆ ಚದರ ಮಿಲಿಮೀಟರ್‌ನ ಸಾಮಾನ್ಯ ತಾಮ್ರದ ತಂತಿಯನ್ನು ಹತ್ತು ಮೀಟರ್ ಎಳೆದರೆ, ಹೋಗುವ ಬರುವ ದಾರಿ ಸೇರಿ ಮೂರು ವೋಲ್ಟ್‌ಗೂ ಹೆಚ್ಚು ತಂತಿಯಲ್ಲೇ ಕರಗುತ್ತದೆ. ಹದಿನೆಂಟರಲ್ಲಿ ಮೂರು ಎಂದರೆ ಆರನೇ ಒಂದು ಪಾಲು. ಅದೇ ನಾಲ್ಕು ಫಲಕಗಳನ್ನು ಒಂದರ ಹಿಂದೆ ಒಂದು ಸರಣಿಯಲ್ಲಿ ಜೋಡಿಸಿದರೆ ವೋಲ್ಟ್ 72, ಹರಿಯುವುದು ಐದೂವರೆ ಆ್ಯಂಪಿಯರ್. ಪೋಲು ಒಂದು ವೋಲ್ಟ್‌ಗೂ ಕಡಿಮೆ. ಅದೇ ಬಿಸಿಲು, ಅದೇ ತಂತಿ. ಕೊಳ್ಳುವ ಚಾರ್ಜ್ ಕಂಟ್ರೋಲರ್ ಅಷ್ಟು ವೋಲ್ಟ್ ತಾಳುತ್ತದೆಯೇ ಎಂದು ಅದರ ಮೈಮೇಲಿನ ಅಂಕಿ ನೋಡಿಕೊಳ್ಳಬೇಕು. ಬೆಳಗಿನ ತಂಪಿನಲ್ಲಿ, ಇನ್ನೂ ಹೊರೆ ಬೀಳದಿರುವಾಗ ಫಲಕದ ವೋಲ್ಟೇಜ್ ಬರೆದದ್ದಕ್ಕಿಂತ ಮೇಲಿರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. 72ಕ್ಕೆ ನೂರು ವೋಲ್ಟ್ ತಾಳುವುದು ಬೇಕು. ಮೋಡ, ಬಿಸಿಲಿಗೆ ತಕ್ಕಂತೆ ಫಲಕದಿಂದ ಗರಿಷ್ಠ ಶಕ್ತಿ ಹಿಂಡುವ ಎಂಪಿಪಿಟಿ ಮಾದರಿಯ ಕಂಟ್ರೋಲರನ್ನೇ ಕೊಳ್ಳಬೇಕು. ಅಗ್ಗದ ಪಿಡಬ್ಲ್ಯುಎಂ ಮಾದರಿಗೆ ಈ ಸರಣಿ ಜೋಡಣೆ ಒಗ್ಗುವುದಿಲ್ಲ.

ಸರಣಿಗೆ ಒಂದು ಕೊರತೆಯೂ ಇದೆ. ಒಂದು ಫಲಕದ ಮೇಲೆ ಕಬ್ಬಿನ ಗರಿಯ ನೆರಳು ಬಿದ್ದರೂ ಇಡೀ ಸಾಲು ಸೊರಗುತ್ತದೆ. ಹೊಲದ ಅಂಚಿನಲ್ಲಿ ಹಾಸುವಾಗ ಬೆಳಗಿನ ನೆರಳು ಮಧ್ಯಾಹ್ನಕ್ಕೆ ಎಲ್ಲಿಗೆ ಸರಿಯುತ್ತದೆ ಎಂದು ನೋಡಿ ಹಾಸಬೇಕು. ಓರೆಯ ಲೆಕ್ಕ ನಮ್ಮ ಊರಿಗೆ ಸುಲಭ. ನಾವಿರುವುದು ಸುಮಾರು ಹದಿನಾರೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲಿ ನಡುಹಗಲ ಸೂರ್ಯ ನೆತ್ತಿಯಿಂದ 40 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ಫಲಕವನ್ನೂ ಅಷ್ಟೇ ಎತ್ತಬೇಕು. ಜೂನ್‌ನಲ್ಲಿ ಅವನು ನೆತ್ತಿ ದಾಟಿ ಏಳು ಡಿಗ್ರಿ ಉತ್ತರಕ್ಕೆ ಹೋಗಿರುತ್ತಾನೆ. ಆಗ ನೆಲಕ್ಕೆ ಸಮನಾಗಿ ಹಾಸಿದರೂ ನಡೆಯುತ್ತದೆ. ಸುಗ್ಗಿಯ ಕಾಲದಲ್ಲಿ ರವದಿ ಸುಟ್ಟ ಮಸಿ ಮೈಲಿಗಟ್ಟಲೆ ಹಾರಿ ಬಂದು ಕೂರುತ್ತದೆ. ದಿನಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸದಿದ್ದರೆ ಮೇಲೆ ಹೇಳಿದ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ಸಿಂಪಡಣೆಯ ಡ್ರೋನ್ ಬಿಟ್ಟು ಕ್ಯಾಮೆರಾ ಡ್ರೋನಿನ ಕಡೆ ಬಂದರೆ ಚಿತ್ರವೇ ಬದಲಾಗುತ್ತದೆ. ಅಂಗೈಯಲ್ಲಿ ಹಿಡಿಯುವ, 250 ಗ್ರಾಂಗೂ ಕಡಿಮೆ ತೂಕದ ಡ್ರೋನಿನ ಬ್ಯಾಟರಿ 18 ವ್ಯಾಟ್ ಗಂಟೆಯಷ್ಟೇ. ದೊಡ್ಡ ಕ್ಯಾಮೆರಾದ ಡ್ರೋನಿನದು ಸುಮಾರು 77. ನೂರು ವ್ಯಾಟ್‌ನ ಒಂದೇ ಫಲಕ, ಊಟದ ಡಬ್ಬಿಯಷ್ಟು ದೊಡ್ಡ ಒಂದು ಪವರ್ ಸ್ಟೇಷನ್ ಇದ್ದರೆ ಇವು ದಿನಕ್ಕೆ ಹಲವು ಸಲ ಹಾರಬಹುದು. ಜುಗೂಳದ ದಂಡೆಯಲ್ಲಿ ನಿಂತರೆ ಹೊಳೆಯಾಚೆ ಮಹಾರಾಷ್ಟ್ರದ ಖಿದ್ರಾಪುರ. ಅಲ್ಲಿಯ ಕೋಪೇಶ್ವರ ದೇಗುಲ 12ನೇ ಶತಮಾನದ ಶಿಲಾಹಾರರ ಕಾಲದ ಕೆಲಸ. ಅದರ ಸ್ವರ್ಗ ಮಂಟಪದ ನೆತ್ತಿ ದುಂಡಗೆ ತೆರೆದಿದೆ, ಮೇಲಿನಿಂದ ನೋಡಬೇಕಾದ ಕಟ್ಟಡ ಅದು. ಆದರೆ ಸಂರಕ್ಷಿತ ಸ್ಮಾರಕದ ಮೇಲೆ ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ, ಪುರಾತತ್ವ ಇಲಾಖೆಯನ್ನು ಕೇಳಲೇಬೇಕು. ಹೊಳೆಯ ನಡುವೆ ರಾಜ್ಯ ಬದಲಾದರೂ ಡ್ರೋನಿನ ಕಾನೂನು ಬದಲಾಗುವುದಿಲ್ಲ. 2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳು ಎರಡೂ ದಡಕ್ಕೆ ಒಂದೇ.

2020ರ ಏಪ್ರಿಲ್‌ನಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಭಾರತೀಯ ಸರ್ವೇಕ್ಷಣಾ ಇಲಾಖೆ ಹಳ್ಳಿಗಳ ಗಾಂವಠಾಣವನ್ನು, ಅಂದರೆ ಮನೆಗಳಿರುವ ಜಾಗವನ್ನು, ಡ್ರೋನಿನಿಂದ ಅಳೆದದ್ದು ಇಂಥ ಮಧ್ಯಮ ಗಾತ್ರದ ಹಸಿವಿನ ಕೆಲಸ. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಒಂದು ಊರಿನ ಮನೆಗಳ ಮೇಲೆ ಹಾರಿ ಮುಗಿಸಲು ಕೆಲವೇ ಹಾರಾಟ ಸಾಕು. ತಂಡ ದಿನಕ್ಕೆ ಹಲವು ಊರು ಸುತ್ತಬೇಕು. ಇಂಥ ಕಡೆ ಜೀಪಿನ ಛಾವಣಿಯ ಮೇಲೆ ಕಟ್ಟಿದ ಫಲಕ ತನ್ನ ಬೆಲೆಯನ್ನು ಬೇಗ ತೀರಿಸುತ್ತದೆ.

ಕೈಯಲ್ಲಿ ಹಿಡಿದು ಒಯ್ಯುವ ಫಲಕ ನಿಜವಾಗಿ ಬೇಕಾಗುವ ಒಂದು ಹೊತ್ತು ಈ ಊರುಗಳಿಗೆ ಚೆನ್ನಾಗಿ ಗೊತ್ತು. 2005, 2019, 2021ರ ಪ್ರವಾಹಗಳು. ಕೊಯ್ನಾ ಕಡೆ ಮಳೆ ಸುರಿದು, ರಾಜಾಪುರ ಬ್ಯಾರೇಜಿನ ಕ್ಯುಸೆಕ್ ಅಂಕಿ ಗಂಟೆ ಗಂಟೆಗೂ ಏರತೊಡಗಿದರೆ ಜುಗೂಳದವರು ದನಕರು ಬಿಚ್ಚಿ ಎತ್ತರದ ಜಾಗಕ್ಕೆ ಹೊರಡಬೇಕಾಗುತ್ತದೆ. ಟಿಸಿಗಳು, ಅಂದರೆ ಟ್ರಾನ್ಸ್‌ಫಾರ್ಮರ್‌ಗಳು, ಮುಳುಗುವ ಮೊದಲೇ ಹೆಸ್ಕಾಂ ಲೈನ್ ತೆಗೆಯುತ್ತದೆ. ತೆಗೆಯಲೇಬೇಕು, ಇಲ್ಲದಿದ್ದರೆ ನೀರಿಗೆ ಇಳಿದವರ ಜೀವ ಹೋಗುತ್ತದೆ. ಆಗ ತೋಟದ ಮನೆಗಳಲ್ಲಿ ಸಿಕ್ಕಿಕೊಂಡವರು ಎಷ್ಟು ಜನ, ಯಾವ ದಾರಿ ಕೊಚ್ಚಿಹೋಗಿದೆ, ದೋಣಿ ಎಲ್ಲಿಂದ ತಿರುಗಬೇಕು ಎಂಬುದನ್ನು ಕ್ಯಾಮೆರಾ ಡ್ರೋನ್ ಹತ್ತು ನಿಮಿಷದಲ್ಲಿ ತೋರಿಸಬಲ್ಲದು.

ಆದರೆ ಅದು ಮೋಡದ ಕಾಲ. ದಟ್ಟ ಮೋಡದಲ್ಲಿ ಫಲಕ ತನ್ನ ಶಕ್ತಿಯ ಹತ್ತರಲ್ಲಿ ಒಂದು ಪಾಲು ಕೊಡುತ್ತದೆ, ಮೋಡ ತೆಳುವಾದರೆ ಕಾಲು ಪಾಲು. 200 ವ್ಯಾಟ್‌ನ ಫಲಕ ಹಾಸಿದರೆ 20ರಿಂದ 50 ವ್ಯಾಟ್. ಆರು ಗಂಟೆಯಲ್ಲಿ 120ರಿಂದ 300 ವ್ಯಾಟ್ ಗಂಟೆ. ಸಿಂಪಡಣೆಗೆ ಇದು ಏನೂ ಅಲ್ಲ. 77 ವ್ಯಾಟ್ ಗಂಟೆಯ ಕ್ಯಾಮೆರಾ ಡ್ರೋನಿಗೆ ಒಂದರಿಂದ ಮೂರು ಹಾರಾಟ, ಪ್ರತಿಯೊಂದೂ ಅರ್ಧ ಗಂಟೆಯದು. ಪ್ರವಾಹದ ದಿನ ಆ ಒಂದು ಹಾರಾಟಕ್ಕೂ ಬೆಲೆಯಿದೆ. ಉಳಿದರೆ ಜನರ ಮೊಬೈಲ್‌ಗಳಿಗೂ ಆಯಿತು.

ತಾರಸಿಯ ಮೇಲೆ ಸೌರ ಫಲಕ ಇರುವವರು ಆ ದಿನ ನಮಗೆ ಕರೆಂಟ್ ಇದ್ದೇ ಇರುತ್ತದೆ ಎಂದು ನಂಬಿರುತ್ತಾರೆ. ಇದನ್ನು ಎಚ್ಚರಿಕೆಯಿಂದ ಕೇಳಬೇಕು. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಪಡೆದು ಹಾಕಿಸಿದ ವ್ಯವಸ್ಥೆಗಳಲ್ಲಿ ಬಹುಪಾಲು ಗ್ರಿಡ್‌ಗೆ ಕಟ್ಟಿದಂಥವು. ಹೊರಗಿನ ಲೈನ್ ಸತ್ತ ಕೂಡಲೇ ಅವುಗಳ ಇನ್ವರ್ಟರ್ ತಾನೂ ನಿಲ್ಲುತ್ತದೆ. ಕಂಬದ ಮೇಲೆ ದುರಸ್ತಿ ಮಾಡುವ ಲೈನ್‌ಮನ್‌ಗೆ ನಮ್ಮ ಮನೆಯ ಕರೆಂಟ್ ಹೊಡೆಯಬಾರದೆಂದು ಹಾಗೆ ಮಾಡಿದ್ದಾರೆ. ಸರಿಯಾದ ನಿಯಮವೇ. ಹೆಸ್ಕಾಂ ಲೈನ್ ತೆಗೆದ ದಿನ ತಾರಸಿಯ ಮೇಲೆ ಬಿಸಿಲು ಬಿದ್ದರೂ ಮನೆಯೊಳಗೆ ದೀಪ ಹತ್ತುವುದಿಲ್ಲ. ಹತ್ತಬೇಕಾದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಬೇಕು, ಅದು ಮನೆಯ ಜಾಲವನ್ನು ಹೊರಗಿನ ಲೈನಿನಿಂದ ಕಡಿದು ತಾನೇ ನಡೆಸುತ್ತದೆ. ಸಹಕಾರಿ ಸಂಘದ ಗೋದಾಮಿಗೆ ನಾನು ಮೇಲೆ ಹೇಳಿದ ಮೂರು ಕಿಲೋವ್ಯಾಟ್ ಹಾಕುವುದಾದರೆ ಇದೇ ಜಾತಿಯದನ್ನು ಹಾಕಬೇಕು. ಅದನ್ನೂ 2019ರಲ್ಲಿ ನೀರು ಬಂದು ನಿಂತ ಗುರುತಿಗಿಂತ ಎತ್ತರದ ಗೋಡೆಯ ಮೇಲೆ ಕೂರಿಸಬೇಕು. ಬ್ಯಾಟರಿಗಳನ್ನು ಇಡುವ ಕಪಾಟೂ ಅಷ್ಟೇ ಎತ್ತರದಲ್ಲಿರಬೇಕು.

ನೀರು ಹೊಕ್ಕ ಲಿಥಿಯಂ ಬ್ಯಾಟರಿ ಹೊರಗೆ ಒಣಗಿದಂತೆ ಕಂಡರೂ ಒಳಗೆ ಕೆಲಸ ಮುಗಿದಿರುವುದಿಲ್ಲ. ದಿನಗಳ ನಂತರವೂ ತಾನಾಗಿ ಬೆಂಕಿ ಹತ್ತಬಹುದು. ಅದನ್ನು ಮನೆಯಿಂದ ದೂರ, ಬಯಲಿನಲ್ಲಿ ಇಟ್ಟು, ಮಾರಿದ ಕಂಪನಿಗೆ ತಿಳಿಸಬೇಕು. ಬಳಸದೆ ಇಡುವ ಬ್ಯಾಟರಿಯನ್ನು ಪೂರ್ತಿ ತುಂಬಿಯೂ ಇಡಬಾರದು, ಬರಿದು ಮಾಡಿಯೂ ಇಡಬಾರದು. ಸೆಲ್‌ಗೆ 3.8 ವೋಲ್ಟ್ ಇರುವಂತೆ, ಅಂದರೆ ಅರ್ಧಕ್ಕೆ ಸ್ವಲ್ಪ ಆಚೀಚೆ ಇಟ್ಟರೆ ಅದು ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಮಳೆಗಾಲಕ್ಕೆ ಮಾತ್ರ ಇದರಲ್ಲಿ ಒಂದು ತಿದ್ದುಪಡಿ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗ್ರಾಮ ಪಂಚಾಯಿತಿಯ ಬಳಿ ಒಂದು ಕ್ಯಾಮೆರಾ ಡ್ರೋನ್ ಇದ್ದರೆ ಅದರ ಒಂದು ಬ್ಯಾಟರಿಯಾದರೂ ಸದಾ ಪೂರ್ತಿ ತುಂಬಿರಬೇಕು. ಅದು ಒಂದೆರಡು ವರ್ಷ ಬೇಗ ಸವೆದರೆ ಸವೆಯಲಿ. ವಾರಕ್ಕೊಮ್ಮೆ ಸರದಿಯಂತೆ ಬೇರೆ ಬ್ಯಾಟರಿಗೆ ಆ ಕೆಲಸ ವಹಿಸಿ, ಯಾವುದು ಯಾವ ದಿನ ತುಂಬಿದ್ದು ಎಂದು ಅದರ ಮೈಮೇಲೆ ಬಿಳಿ ಪಟ್ಟಿ ಅಂಟಿಸಿ ಬರೆದಿಡುವುದು ಪಂಚಾಯಿತಿಯ ವಾಟರ್‌ಮನ್‌ ಕೂಡ ಮಾಡಬಹುದಾದ ಕೆಲಸ.